ಓದುಗರ ಪ್ರಶ್ನೆ, ನಮ್ಮ ಉತ್ತರ: ಮರುಭೂಮಿಗೆ ಇಳಿಯುವ ಪಿಕಪ್‌ನ ಸಸ್ಪೆನ್ಷನ್ ಮತ್ತು ಶಾಕ್‌ಗಳು

ಮರುಭೂಮಿಯ ಹಾದಿಗಾಗಿ ಪಿಕಪ್ ಸಿದ್ಧಪಡಿಸುತ್ತಿರುವ ಓದುಗರಿಂದ ಬಂದ ಪತ್ರಗಳಲ್ಲಿ ಸಸ್ಪೆನ್ಷನ್ ಕುರಿತವೇ ಹೆಚ್ಚಾಗಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಚಿಕ್ಕದಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನದು ನಾಲ್ಕು ಬಾಗಿಲಿನ ಪಿಕಪ್. ಮುಂದೆ ಎರಡು ಕಂಟ್ರೋಲ್ ಆರ್ಮ್‌ಗಳ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳುಗಳ) ಇಂಡಿಪೆಂಡೆಂಟ್ ಸಸ್ಪೆನ್ಷನ್, ಕಾಯಿಲ್‌ಓವರ್ (ಶಾಕ್‌ನ ಸುತ್ತ ಕಾಯಿಲ್ ಸ್ಪ್ರಿಂಗ್ ಕೂರಿಸಿದ ಜೋಡಣೆ). ಹಿಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಕಟ್ಟು). ಮರಳು, ಒಣಹಳ್ಳ ಮತ್ತು ಉಬ್ಬುತಗ್ಗಿನ ಹಾದಿಗಳಲ್ಲಿ ವೇಗವಾಗಿ ಓಡಿಸಬೇಕೆಂಬ ಆಸೆ. 3 ಇಂಚಿನ ಲಿಫ್ಟ್ ಕಿಟ್ ಹಾಕಿಸಿದರೆ ಸಾಕೇ?

ಉತ್ತರ: ಲಿಫ್ಟ್ ಕಿಟ್ ವಾಹನವನ್ನು ಎತ್ತರಿಸುತ್ತದೆ. ಅದರಿಂದ ದೊಡ್ಡ ಟೈರ್‌ಗೆ ಜಾಗ ಸಿಗುತ್ತದೆ, ಚಾಸಿಯ ಹೊಟ್ಟೆ ದಿಬ್ಬದ ನೆತ್ತಿಗೆ ತಾಗುವುದು ಕಡಿಮೆಯಾಗುತ್ತದೆ. ಆದರೆ ವೇಗದಲ್ಲಿ ಉಬ್ಬುತಗ್ಗುಗಳನ್ನು ನುಂಗಿಕೊಳ್ಳುವ ಶಕ್ತಿ ಬರುವುದು ಚಕ್ರ ಮೇಲಕ್ಕೂ ಕೆಳಕ್ಕೂ ಎಷ್ಟು ದೂರ ಚಲಿಸಬಲ್ಲದು, ಆ ಚಲನೆಯನ್ನು ಶಾಕ್ ಎಷ್ಟು ಹೊತ್ತು ಹಿಡಿತದಲ್ಲಿ ಇಟ್ಟುಕೊಳ್ಳಬಲ್ಲದು ಎಂಬ ಎರಡು ಸಂಗತಿಗಳಿಂದ. ಎತ್ತರವನ್ನು ಮಾತ್ರ ಕೊಂಡರೆ ಈ ಎರಡರಲ್ಲಿ ಮೊದಲನೆಯದು ಎಷ್ಟೋ ಸಲ ಕೆಡುತ್ತದೆ.

ಒಂದು ಉದಾಹರಣೆ ನೋಡಿ. ಮುಂದಿನ ಚಕ್ರದ ಒಟ್ಟು ಚಲನೆ 9 ಇಂಚು ಎಂದಿಟ್ಟುಕೊಳ್ಳೋಣ. ವಾಹನ ಸಮತಟ್ಟಾದ ನೆಲದ ಮೇಲೆ ನಿಂತಾಗ ಅದರಲ್ಲಿ 5 ಇಂಚು ಮೇಲಕ್ಕೆ, 4 ಇಂಚು ಕೆಳಕ್ಕೆ ಉಳಿದಿರುತ್ತದೆ. ಕಾಯಿಲ್‌ಓವರ್‌ನ ಕಾಲರ್ ತಿರುಗಿಸಿ ವಾಹನವನ್ನು 3 ಇಂಚು ಎತ್ತಿದರೆ ಒಟ್ಟು 9 ಇಂಚು ಹಾಗೆಯೇ ಇರುತ್ತದೆ, ಆದರೆ ಕೆಳಚಲನೆ ಕೇವಲ 1 ಇಂಚಿಗೆ ಇಳಿಯುತ್ತದೆ. ಆಗ ಪ್ರತಿ ತಗ್ಗಿನಲ್ಲೂ ಚಕ್ರ ನೆಲವನ್ನು ಬಿಟ್ಟು ಗಾಳಿಯಲ್ಲಿ ನೇತಾಡುತ್ತದೆ, ಶಾಕ್ ಪೂರ್ತಿ ಚಾಚಿಕೊಂಡು ಟಕ್ಕೆಂದು ಸದ್ದು ಮಾಡುತ್ತದೆ, ಸ್ಟೀರಿಂಗ್‌ನ ಹಿಡಿತ ತಪ್ಪುತ್ತದೆ. ಮರುಭೂಮಿಯಲ್ಲಿ ವೇಗವಾಗಿ ಓಡುವ ವಾಹನಕ್ಕೆ ಮೇಲ್ಚಲನೆ ಹೆಚ್ಚಿರಬೇಕು ಎಂಬುದು ನಿಜ. ಆದರೂ ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಭಾಗವನ್ನಾದರೂ ಕೆಳಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ. ನಿಮ್ಮ ವಾಹನದಲ್ಲಿ ಈಗಿರುವ ಚಲನೆಯನ್ನು, ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಜಾಕ್‌ನಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎತ್ತಿ ಇಳಿಸಿ, ಟೇಪಿನಿಂದ ಅಳೆದು ಬರೆದಿಡಿ. ಆ ಲೆಕ್ಕ ಕೈಯಲ್ಲಿಲ್ಲದೆ ಯಾವ ಕಿಟ್ಟನ್ನೂ ಕೊಳ್ಳಬೇಡಿ.

ಎರಡನೆಯ ಲೆಕ್ಕ ತೂಕದ್ದು. ಭಾರವನ್ನು ಹೊರುವುದು ಸ್ಪ್ರಿಂಗ್‌ನ ಕೆಲಸ, ಚಲನೆಯನ್ನು ತಡೆಹಿಡಿಯುವುದು ಶಾಕ್‌ನ ಕೆಲಸ. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲಾಗುವುದಿಲ್ಲ. ಉಕ್ಕಿನ ಬಂಪರ್, ವಿಂಚ್, ಹೊಟ್ಟೆಯ ರಕ್ಷಣಾ ತಗಡು, ಎರಡನೆಯ ಬ್ಯಾಟರಿ ಇವೆಲ್ಲ ಮುಂದಿನ ಆಕ್ಸಲ್‌ನ ಮೇಲೆ ಕೂರುತ್ತವೆ. ನೀರು, ಇಂಧನ, ಹೆಚ್ಚುವರಿ ಚಕ್ರಗಳು ಹಿಂದಿನದರ ಮೇಲೆ. 60 ಲೀಟರ್ ನೀರೆಂದರೆ 60 ಕಿಲೋ, ಅದೂ ದಾರಿಯುದ್ದಕ್ಕೂ ಕರಗುತ್ತ ಹೋಗುವ 60 ಕಿಲೋ. ಹೊರಡುವ ದಿನ ಹೇಗಿರುತ್ತದೋ ಹಾಗೆಯೇ ಎಲ್ಲವನ್ನೂ ತುಂಬಿಕೊಂಡು, ಜನರನ್ನೂ ಕೂರಿಸಿಕೊಂಡು, ವೇಬ್ರಿಜ್‌ನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ತೂಗಿಸಿ. ಆ ಎರಡು ಅಂಕಿಗಳನ್ನು ಕೊಟ್ಟರೆ ಶಾಕ್ ತಯಾರಕರು ಸ್ಪ್ರಿಂಗ್ ಮತ್ತು ವಾಲ್ವಿಂಗ್ (ಶಾಕ್‌ನೊಳಗೆ ಎಣ್ಣೆ ಹಾಯುವ ದಾರಿಗಳ ಹೊಂದಾಣಿಕೆ) ಎರಡನ್ನೂ ಸರಿಯಾಗಿ ಹೊಂದಿಸಬಲ್ಲರು. ಬರೀ ವಾಹನದ ಹೆಸರು ಹೇಳಿದರೆ ಖಾಲಿ ವಾಹನಕ್ಕೆ ತಕ್ಕ ಸ್ಪ್ರಿಂಗನ್ನೇ ಕೊಟ್ಟಾರು.

ಪ್ರಶ್ನೆ: ಈಗಿರುವ ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್‌ನ ಜೋಡಿಯ) ಮೇಲೆ ಎತ್ತರಕ್ಕಾಗಿ ಸ್ಪೇಸರ್ ಎಂಬ ಬಿಲ್ಲೆ ಕೂರಿಸುವುದು ಸುಲಭವಲ್ಲವೇ?

ಉತ್ತರ: ಸುಲಭ ಹೌದು, ಆದರೆ ಈ ಕೆಲಸಕ್ಕೆ ಬೇಡ. ಸ್ಪೇಸರ್ ಇಡೀ ಸ್ಟ್ರಟ್ಟನ್ನು ಕೆಳಕ್ಕೆ ತಳ್ಳುವುದರಿಂದ, ಚಕ್ರ ಪೂರ್ತಿ ಇಳಿದಾಗ ಬಾಲ್ ಜಾಯಿಂಟ್ ಮತ್ತು ಡ್ರೈವ್ ಶಾಫ್ಟ್‌ನ ಸಿವಿ ಜಾಯಿಂಟ್ ತಮ್ಮ ಕೋನದ ಮಿತಿಯನ್ನು ದಾಟುತ್ತವೆ. ನಿಧಾನವಾಗಿ ಓಡಿಸುವವರಿಗೆ ಅದು ಸವಕಳಿಯಾಗಿ ಕಾಣಿಸುತ್ತದೆ. ವೇಗದಲ್ಲಿ ಹಾರಿ ಇಳಿಯುವವರಿಗೆ ಮುರಿತವಾಗಿ ಕಾಣಿಸುತ್ತದೆ.

ಪ್ರಶ್ನೆ: ಟ್ವಿನ್‌ಟ್ಯೂಬ್, ಮೊನೊಟ್ಯೂಬ್, ರಿಮೋಟ್ ರಿಸರ್ವಾಯರ್ ಎಂದು ಮೂರು ಬಗೆಯ ಶಾಕ್‌ಗಳನ್ನು ತೋರಿಸುತ್ತಾರೆ. ಇವುಗಳ ನಡುವಿನ ನಿಜವಾದ ವ್ಯತ್ಯಾಸವೇನು? ನಮ್ಮಂಥವರಿಗೆ ರಿಸರ್ವಾಯರ್ ಬೇಕೇ?

ಉತ್ತರ: ಈ ಪ್ರಶ್ನೆಗೆ ಉತ್ತರ ಶಾಖದಲ್ಲಿದೆ. ಚಕ್ರ ಉಬ್ಬಿಗೆ ಬಡಿದಾಗ ಹುಟ್ಟುವ ಚಲನೆಯ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಶಾಕ್ ಮಾಡುವುದು ಇಷ್ಟೇ: ಪಿಸ್ಟನ್ನಿನ ಸಣ್ಣ ರಂಧ್ರಗಳು ಮತ್ತು ತೆಳುವಾದ ಶಿಮ್ ತಗಡುಗಳ ಮೂಲಕ ಎಣ್ಣೆಯನ್ನು ಬಲವಂತವಾಗಿ ಹಾಯಿಸಿ, ಆ ಶಕ್ತಿಯನ್ನು ಶಾಖವಾಗಿಸಿ, ಹೊರಗಿನ ಗಾಳಿಗೆ ಬಿಟ್ಟುಕೊಡುವುದು. ರಸ್ತೆಯ ಮೇಲೆ ಈ ಶಾಖ ಅಲ್ಪ. ಮರುಭೂಮಿಯಲ್ಲಿ ಸಾಲುಸಾಲು ಉಬ್ಬುಗಳ ಮೇಲೆ ಗಂಟೆಗಟ್ಟಲೆ ಓಡುವಾಗ ಶಾಕ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಎಣ್ಣೆ ಬಿಸಿಯಾದಂತೆ ತೆಳುವಾಗುತ್ತದೆ, ತೆಳುವಾದ ಎಣ್ಣೆ ಪಿಸ್ಟನ್ನಿಗೆ ಕಡಿಮೆ ತಡೆ ಒಡ್ಡುತ್ತದೆ, ಬೆಳಗ್ಗೆ ಬಿಗಿಯಾಗಿದ್ದ ವಾಹನ ಮಧ್ಯಾಹ್ನದ ಹೊತ್ತಿಗೆ ತೇಲಾಡಲು ತೊಡಗುತ್ತದೆ. ಇದನ್ನೇ ಶಾಕ್ ಫೇಡ್ ಆಯಿತು ಎನ್ನುವುದು.

ಟ್ವಿನ್‌ಟ್ಯೂಬ್ ಶಾಕ್‌ನಲ್ಲಿ ಒಂದು ಕೊಳವೆಯೊಳಗೆ ಇನ್ನೊಂದು ಇರುತ್ತದೆ. ಪಿಸ್ಟನ್ ಒಳಕೊಳವೆಯಲ್ಲಿ ಓಡಾಡುತ್ತದೆ. ಹೊರಕೊಳವೆಯಲ್ಲಿ ಎಣ್ಣೆಯ ಜೊತೆಗೆ ಕಡಿಮೆ ಒತ್ತಡದ ಅನಿಲವೂ ಇರುತ್ತದೆ. ವೇಗದ ಕುಲುಕಾಟದಲ್ಲಿ ಇವೆರಡೂ ಬೆರೆತು ನೊರೆಯಾಗುತ್ತವೆ. ಎಣ್ಣೆಯನ್ನು ಅದುಮಲಾಗದು, ನೊರೆಯನ್ನು ಅದುಮಬಹುದು. ಹಾಗಾಗಿ ಪಿಸ್ಟನ್ ಸ್ವಲ್ಪ ದೂರ ಯಾವ ತಡೆಯೂ ಇಲ್ಲದೆ ಜಾರಿಬಿಡುತ್ತದೆ. ಇದಲ್ಲದೆ ಒಳಗಿನ ಶಾಖ ಹೊರಪದರದ ಎಣ್ಣೆಯನ್ನು ದಾಟಿಕೊಂಡೇ ಗಾಳಿಗೆ ಸೇರಬೇಕು.

ಮೊನೊಟ್ಯೂಬ್‌ನಲ್ಲಿ ಕೊಳವೆ ಒಂದೇ. ಎಣ್ಣೆಯನ್ನೂ ನೈಟ್ರೋಜನ್ ಅನಿಲವನ್ನೂ ತೇಲುವ ಪಿಸ್ಟನ್ನೊಂದು ಬೇರ್ಪಡಿಸುತ್ತದೆ. ಅನಿಲದ ಒತ್ತಡ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ಆಸುಪಾಸಿನಲ್ಲಿ ಇರುವುದರಿಂದ, ಪಿಸ್ಟನ್ನಿನ ಬೆನ್ನ ಹಿಂದೆ ಒತ್ತಡ ಕುಸಿದು ಎಣ್ಣೆಯಲ್ಲಿ ಗುಳ್ಳೆ ಏಳುವುದು ಬಹುಮಟ್ಟಿಗೆ ತಪ್ಪುತ್ತದೆ. ಅದೇ ಹೊರ ಅಳತೆಯ ಶಾಕ್‌ನಲ್ಲಿ ದೊಡ್ಡ ಪಿಸ್ಟನ್ ಹಿಡಿಸುತ್ತದೆ, ಶಾಖ ನೇರವಾಗಿ ಗಾಳಿಗೆ ಸೇರುತ್ತದೆ. ಇದಕ್ಕೊಂದು ದೌರ್ಬಲ್ಯವೂ ಉಂಟು: ಪಿಸ್ಟನ್ ಹೊರಗೋಡೆಗೆ ಒತ್ತಿಕೊಂಡೇ ಓಡುವುದರಿಂದ, ಸಿಡಿದ ಕಲ್ಲಿನಿಂದ ಕೊಳವೆ ಸ್ವಲ್ಪ ನೆಗ್ಗಿದರೂ ಶಾಕ್ ಸಿಕ್ಕಿಹಾಕಿಕೊಳ್ಳಬಹುದು. ಕಲ್ಲುಹಾದಿ ಹೆಚ್ಚಿದ್ದರೆ ರಕ್ಷಣಾ ಕವಚ ಅಗತ್ಯ.

ರಿಮೋಟ್ ರಿಸರ್ವಾಯರ್ ಎಂದರೆ ಆ ತೇಲುವ ಪಿಸ್ಟನ್ನನ್ನೂ ಅನಿಲವನ್ನೂ ಮುಖ್ಯ ಕೊಳವೆಯಿಂದ ತೆಗೆದು, ಹೋಸ್‌ನಿಂದ ಜೋಡಿಸಿದ ಇನ್ನೊಂದು ಡಬ್ಬಿಗೆ ಸ್ಥಳಾಂತರಿಸುವುದು. ಇದರಿಂದ ಆಗುವ ಲಾಭ ಎರಡು. ಎಣ್ಣೆಯ ಪ್ರಮಾಣ ಹೆಚ್ಚುವುದರಿಂದ ಬಿಸಿಯಾಗಲು ಹೆಚ್ಚು ಸಮಯ ಬೇಕಾಗುತ್ತದೆ. ಮುಖ್ಯ ಕೊಳವೆಯ ಉದ್ದವೆಲ್ಲ ಪಿಸ್ಟನ್ನಿನ ಚಲನೆಗೇ ಸಿಗುತ್ತದೆ. ಈ ಎರಡನೆಯ ಲಾಭವನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ, ಆದರೆ ಜಾಗ ಇಕ್ಕಟ್ಟಾಗಿರುವ ಪಿಕಪ್‌ನಲ್ಲಿ ಅದೇ ಹೆಚ್ಚು ಬೆಲೆಬಾಳುತ್ತದೆ.

ನೀವು ಭಾರ ಹೇರಿಕೊಂಡು ನಿಧಾನವಾಗಿ ದೂರ ಪ್ರಯಾಣ ಮಾಡುವವರಾದರೆ, ಅನಿಲದ ಬದಲು ಮುಚ್ಚಿದ ಕಣಗಳ ಫೋಮ್ ತುಂಬಿದ ದಪ್ಪ ಟ್ವಿನ್‌ಟ್ಯೂಬ್ ಶಾಕ್‌ಗಳು ಸಾಕಷ್ಟು ಚೆನ್ನಾಗಿ ದುಡಿಯುತ್ತವೆ. ವೇಗವೇ ಉದ್ದೇಶವಾಗಿದ್ದರೆ ಬಿಚ್ಚಿ ರಿಪೇರಿ ಮಾಡಬಹುದಾದ, ರಿಸರ್ವಾಯರ್ ಇರುವ ಮೊನೊಟ್ಯೂಬ್ ಶಾಕ್‌ಗಿಂತ ಕಡಿಮೆಯದಕ್ಕೆ ಒಪ್ಪಬೇಡಿ. ಒಟ್ಟು ಹಣ ಸೀಮಿತವಾಗಿದ್ದರೆ ಬಂಪರ್, ದೀಪ, ಟೈರ್ ಇವನ್ನು ಮುಂದಕ್ಕೆ ಹಾಕಿ ಶಾಕ್‌ಗಳನ್ನು ಮೊದಲು ಕೊಳ್ಳಿ.

ಪ್ರಶ್ನೆ: 2.0 ಇಂಚು ಮತ್ತು 2.5 ಇಂಚಿನ ಶಾಕ್‌ಗಳ ನಡುವೆ ಅರ್ಧ ಇಂಚಿಗೆ ಅಷ್ಟು ಬೆಲೆ ವ್ಯತ್ಯಾಸವೇಕೆ?

ಉತ್ತರ: ವ್ಯಾಸದ ಬದಲು ವಿಸ್ತೀರ್ಣ ಲೆಕ್ಕ ಹಾಕಿ. 2.0 ಇಂಚಿನ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 3.1 ಚದರ ಇಂಚು, 2.5 ಇಂಚಿನದು 4.9, 3.0 ಇಂಚಿನದು 7.1. ಅಂದರೆ 2.0ರಿಂದ 2.5ಕ್ಕೆ ಅರ್ಧ ಇಂಚು ಹೆಚ್ಚಾದಾಗ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಅಷ್ಟೇ ಬಲವನ್ನು ಕಡಿಮೆ ಒತ್ತಡದಲ್ಲಿ ಹುಟ್ಟಿಸಬಹುದು, ಎಣ್ಣೆಯೂ ಹೆಚ್ಚು, ಶಾಖ ಬಿಡುವ ಮೈಯೂ ಹೆಚ್ಚು. ಮರುಭೂಮಿ ಸ್ಪರ್ಧೆಗಳ ಆರಂಭದ ದಶಕಗಳಲ್ಲಿ ಇಂಥ ದೊಡ್ಡ ಶಾಕ್‌ಗಳು ಇಲ್ಲದಿದ್ದಾಗ, ಶಾಖವನ್ನು ಹಂಚಿಕೊಳ್ಳಲೆಂದೇ ಒಂದೊಂದು ಚಕ್ರಕ್ಕೆ ಎರಡು ಮೂರು ಸಣ್ಣ ಶಾಕ್‌ಗಳನ್ನು ಕಟ್ಟುತ್ತಿದ್ದರು.

ಇದರ ಜೊತೆಗೆ ಶಾಕ್ ಎಲ್ಲಿ ಕೂತಿದೆ ಎಂಬುದನ್ನೂ ನೋಡಬೇಕು. ಕೆಳಗಿನ ಆರ್ಮ್‌ನ ಮೇಲೆ ಚಕ್ರದಿಂದ ದೂರಕ್ಕೆ, ಚಾಸಿಯ ಕಡೆಗೆ ಶಾಕ್ ಸರಿದಿದ್ದರೆ, ಚಕ್ರ 10 ಇಂಚು ಚಲಿಸಿದಾಗ ಶಾಕ್ ಬಹುಶಃ 6 ಇಂಚು ಮಾತ್ರ ಚಲಿಸುತ್ತದೆ. ಈ 0.6 ಎಂಬ ಅನುಪಾತದ ವರ್ಗ, ಅಂದರೆ 0.36, ಚಕ್ರಕ್ಕೆ ತಲುಪುವ ಪಾಲು. ಇಂಚಿಗೆ 600 ಪೌಂಡ್‌ನ (ಒಂದು ಇಂಚು ಅದುಮಲು 600 ಪೌಂಡ್ ಬಲ ಬೇಕಾಗುವ) ಸ್ಪ್ರಿಂಗ್ ಹಾಕಿದರೂ ಚಕ್ರಕ್ಕೆ ಅದು ಇಂಚಿಗೆ 216 ಪೌಂಡ್‌ನಂತೆಯೇ ಕಾಣುತ್ತದೆ; ಶಾಕ್‌ನ ತಡೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಆದ್ದರಿಂದ ಇನ್ನೊಬ್ಬರ ಪಿಕಪ್‌ನ ಸ್ಪ್ರಿಂಗ್ ಅಂಕಿಯನ್ನು, ಅದರ ಆರ್ಮ್‌ನ ಅಳತೆ ತಿಳಿಯದೆ, ನಕಲು ಮಾಡಬಾರದು.

ಪ್ರಶ್ನೆ: ಬೈಪಾಸ್ ಶಾಕ್ ಸ್ಪರ್ಧೆಯವರಿಗೆ ಮಾತ್ರವೇ?

ಉತ್ತರ: ಹಾಗೇನಿಲ್ಲ. ಸಾಮಾನ್ಯ ಶಾಕ್‌ನ ತಡೆ ಪಿಸ್ಟನ್ನಿನ ವೇಗವನ್ನು ಮಾತ್ರ ಅವಲಂಬಿಸುತ್ತದೆ; ಬೈಪಾಸ್‌ನಲ್ಲಿ ಪಿಸ್ಟನ್ ಎಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಚಲನೆಯ ನಡುಭಾಗದಲ್ಲಿ ಎಣ್ಣೆಗೆ ಪಕ್ಕದ ದಾರಿಗಳು ತೆರೆದಿರುವುದರಿಂದ ಸಣ್ಣ ಉಬ್ಬುಗಳು ಮೃದುವಾಗಿ ಕಳೆಯುತ್ತವೆ; ಪಿಸ್ಟನ್ ತುದಿಯತ್ತ ಹೋದಂತೆ ಆ ದಾರಿಗಳು ಒಂದೊಂದಾಗಿ ಹಿಂದೆ ಉಳಿದು, ತಡೆ ಏರುತ್ತ ಹೋಗಿ, ದೊಡ್ಡ ಹೊಡೆತ ತಳ ಮುಟ್ಟದಂತೆ ತಡೆಯುತ್ತದೆ. ಹೊರಗೆ ಕೊಳವೆಗಳು ಕಾಣುವ ಬಗೆಯಲ್ಲಿ ಪ್ರತಿ ದಾರಿಯನ್ನೂ ತಿರುಪಿನಿಂದ ಹೊಂದಿಸಬಹುದು. ಒಳಗೇ ದಾರಿ ಕೊರೆದ ಇಂಟರ್ನಲ್ ಬೈಪಾಸ್‌ನಲ್ಲಿ ಆ ಸೌಲಭ್ಯ ಕಡಿಮೆ, ಆದರೆ ಅದರ ಸುತ್ತ ಕಾಯಿಲ್ ಕೂರಿಸಬಹುದು. ಫೋರ್ಡ್ ಎಫ್-150 ರ‍್ಯಾಪ್ಟರ್ 2010ರ ಮಾದರಿಯಲ್ಲಿ ಫಾಕ್ಸ್ ಕಂಪನಿಯ 2.5 ಇಂಚಿನ ಇಂಟರ್ನಲ್ ಬೈಪಾಸ್ ಶಾಕ್‌ಗಳೊಂದಿಗೆ ಕಾರ್ಖಾನೆಯಿಂದಲೇ ಬಂದಿತು. ಅದರ ಚಕ್ರಚಲನೆ ಮುಂದೆ 11.2 ಇಂಚು, ಹಿಂದೆ 12.1 ಇಂಚು. 2017ರ ಮಾದರಿಗೆ ಶಾಕ್‌ಗಳನ್ನು 3.0 ಇಂಚಿಗೆ ಏರಿಸಿದರು. ಚಲನೆ ಹೆಚ್ಚಿದ್ದಷ್ಟೂ ಬೈಪಾಸ್‌ನ ಪ್ರಯೋಜನ ಹೆಚ್ಚು. ಮೂಲ ಆರ್ಮ್‌ಗಳನ್ನೇ ಇಟ್ಟುಕೊಂಡಿರುವ ನಿಮ್ಮ ಪಿಕಪ್‌ಗೆ ಒಳ್ಳೆಯ ಬಂಪ್ ಸ್ಟಾಪ್‌ಗಳು (ಮೇಲ್ಚಲನೆಯ ಕೊನೆಯಲ್ಲಿ ಹೊಡೆತ ತಡೆಯುವ ಮೆತ್ತೆಗಳು) ಅದಕ್ಕಿಂತ ಮೊದಲು ಬರಬೇಕು.

ಪ್ರಶ್ನೆ: ಹಿಂದಿನ ಲೀಫ್ ಸ್ಪ್ರಿಂಗ್ ತೆಗೆದು ಕಾಯಿಲ್ ಮತ್ತು ಲಿಂಕ್‌ಗಳನ್ನು (ಆಕ್ಸಲನ್ನು ಚಾಸಿಗೆ ಹಿಡಿದಿಡುವ ಸರಳುಗಳನ್ನು) ಹಾಕಿಸಬೇಕೇ? ಹಿಂಭಾಗ ಕುಸಿಯುವುದಕ್ಕೆ ಏರ್ ಬ್ಯಾಗ್ ಹಾಕಿ ಎನ್ನುತ್ತಾರೆ ಕೆಲವರು.

ಉತ್ತರ: ಲೀಫ್ ಸ್ಪ್ರಿಂಗ್‌ನ್ನು ಹಗುರವಾಗಿ ಕಾಣಬೇಕಿಲ್ಲ. ರ‍್ಯಾಪ್ಟರ್ ಕೂಡ 2021ರ ಮಾದರಿಯಲ್ಲಿ ಐದು ಲಿಂಕ್‌ಗಳ ಕಾಯಿಲ್ ವ್ಯವಸ್ಥೆಗೆ ಬದಲಾಗುವವರೆಗೂ ಪಟ್ಟಿಗಳ ಮೇಲೆಯೇ ಓಡಿತು. ಪಟ್ಟಿಯೊಂದೇ ಭಾರವನ್ನೂ ಹೊರುತ್ತದೆ, ಆಕ್ಸಲ್ ತನ್ನ ಜಾಗ ಬಿಡದಂತೆಯೂ ಹಿಡಿಯುತ್ತದೆ. ಕೆಡುವುದು ದಪ್ಪವಾದ ಕೆಲವೇ ಪಟ್ಟಿಗಳ ಜೋಡಣೆಯಲ್ಲಿ. ಎತ್ತರಕ್ಕಾಗಿ ಒಂದು ಹೆಚ್ಚುವರಿ ಗಟ್ಟಿ ಪಟ್ಟಿ ಸೇರಿಸಿದರೆ ಖಾಲಿ ಪಿಕಪ್‌ನ ಹಿಂಭಾಗ ಪ್ರತಿ ಉಬ್ಬಿಗೂ ಒದೆಯುತ್ತದೆ. ತೆಳುವಾದ, ಉದ್ದನೆಯ, ಹೆಚ್ಚು ಸಂಖ್ಯೆಯ ಪಟ್ಟಿಗಳ ಹೊಸ ಜೋಡಣೆ, ಅದಕ್ಕೆ ತಕ್ಕ ಉದ್ದದ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ), ಪಟ್ಟಿಗಳ ನಡುವಿನ ಘರ್ಷಣೆ ಕಡಿಮೆ ಮಾಡುವ ತುದಿ ಪ್ಯಾಡ್‌ಗಳು, ಇಷ್ಟನ್ನು ಮಾಡಿದರೆ ಹಿಂದಿನ ಸಸ್ಪೆನ್ಷನ್ ಗುರುತು ಸಿಗದಷ್ಟು ಬದಲಾಗುತ್ತದೆ. ಬಲವಾದ ಎಂಜಿನ್ ಇದ್ದು, ವೇಗ ಹೆಚ್ಚಿಸಿದಾಗ ಪಟ್ಟಿ ಎಸ್ ಆಕಾರಕ್ಕೆ ತಿರುಚಿಕೊಂಡು ಚಕ್ರ ಕುಪ್ಪಳಿಸುತ್ತಿದ್ದರೆ ಆಕ್ಸಲ್‌ನಿಂದ ಚಾಸಿಗೆ ಒಂದು ಟ್ರ್ಯಾಕ್ಷನ್ ಬಾರ್ ಸೇರಿಸಬೇಕಾಗುತ್ತದೆ. ಲಿಂಕ್ ವ್ಯವಸ್ಥೆಗೆ ಹೊಸ ಬ್ರಾಕೆಟ್, ಚಾಸಿಗೆ ಬಲವರ್ಧನೆ, ಲಿಂಕ್‌ಗಳ ಜ್ಯಾಮಿತಿಯ ನಿಖರ ಲೆಕ್ಕ ಎಲ್ಲವೂ ಬೇಕು. ಭಾರ ಹೊರುವ ಸಾಮರ್ಥ್ಯವೂ ಸಾಮಾನ್ಯವಾಗಿ ತಗ್ಗುತ್ತದೆ. ಆ ಲೆಕ್ಕ ತಿಳಿದ ಕುಶಲಕರ್ಮಿ ಜೊತೆಗಿಲ್ಲದಿದ್ದರೆ ಆ ದಾರಿ ಹಿಡಿಯಬೇಡಿ.

ಏರ್ ಬ್ಯಾಗ್ ವಿಷಯದಲ್ಲಿ ನನಗೆ ಗಂಭೀರ ಆತಂಕವಿದೆ. ಪಟ್ಟಿ ತನ್ನ ಭಾರವನ್ನು ಚಾಸಿಯ ಎರಡು ಬಿಂದುಗಳಿಗೆ, ಒಂದರಿಂದೊಂದು ದೂರವಾಗಿ, ಹಂಚುತ್ತದೆ. ಏರ್ ಬ್ಯಾಗ್ ಆಕ್ಸಲ್‌ನ ನೇರ ಮೇಲೆ, ಚಾಸಿಯ ನಡುವಿನ ಒಂದೇ ಬಿಂದುವನ್ನು ಒತ್ತುತ್ತದೆ. ಆಕ್ಸಲ್‌ನ ಹಿಂದಕ್ಕೆ ಭಾರ ತುಂಬಿಕೊಂಡು ಒರಟು ನೆಲದಲ್ಲಿ ಓಡಿದಾಗ ಅದೇ ಬಿಂದುವಿನಲ್ಲಿ ಚಾಸಿ ಬಾಗಿದ ಪಿಕಪ್‌ಗಳಿವೆ. ಹಿಂಭಾಗ ಕುಸಿಯುತ್ತಿದ್ದರೆ ಮೊದಲು ಭಾರ ಇಳಿಸಿ, ಆಮೇಲೆ ತೂಕಕ್ಕೆ ತಕ್ಕ ಪಟ್ಟಿ ಮಾಡಿಸಿ.

ಹಿಂದಿನ ಶಾಕ್‌ಗಳ ಓರೆಯನ್ನೂ ಗಮನಿಸಿ. ನೆಟ್ಟಗಿರುವ ಶಾಕ್‌ಗೆ ಹೋಲಿಸಿದರೆ 30 ಡಿಗ್ರಿ ಓರೆಯಾಗಿರುವ ಶಾಕ್‌ನ ತಡೆ ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ಸಾಮಾನು ಪೆಟ್ಟಿಗೆಯ ತಳ ಕೊರೆದು, ಒಳಗೆ ಕೊಳವೆಗಳ ಚೌಕಟ್ಟು ಕಟ್ಟಿ, ಉದ್ದನೆಯ ಶಾಕ್‌ಗಳನ್ನು ನೆಟ್ಟಗೆ ನಿಲ್ಲಿಸುವುದರ ಹಿಂದೆ ಇರುವ ಕಾರಣಗಳಲ್ಲಿ ಇದೂ ಒಂದು.

ಪ್ರಶ್ನೆ: ಹೊಸ 2.5 ಇಂಚಿನ ಶಾಕ್‌ಗಳನ್ನು ಹಾಕಿಸಿದ್ದೇನೆ. ಮೊದಲ ಒಂದೆರಡು ಉಬ್ಬುಗಳನ್ನು ಸೊಗಸಾಗಿ ದಾಟುತ್ತದೆ. ಸಾಲು ಮುಂದುವರಿದಂತೆ ಗಡುಸಾಗುತ್ತ ಹೋಗಿ ಕೊನೆಗೆ ತಳ ಬಡಿಯುತ್ತದೆ. ಕಂಪ್ರೆಷನ್ ಬಿಗಿಗೊಳಿಸಬೇಕೇ?

ಉತ್ತರ: ನಿಮ್ಮ ವಿವರಣೆ ಕೇಳಿದರೆ ತಪ್ಪು ರಿಬೌಂಡ್‌ನಲ್ಲಿದೆ ಎನಿಸುತ್ತದೆ. ಕಂಪ್ರೆಷನ್ ಎಂದರೆ ಶಾಕ್ ಅದುಮಿಕೊಳ್ಳುವಾಗಿನ ತಡೆ, ರಿಬೌಂಡ್ ಎಂದರೆ ಚಾಚಿಕೊಳ್ಳುವಾಗಿನ ತಡೆ. ರಿಬೌಂಡ್ ಅತಿಯಾಗಿ ಬಿಗಿಯಾಗಿದ್ದರೆ ಒಂದು ಉಬ್ಬಿಗೂ ಮುಂದಿನದಕ್ಕೂ ನಡುವೆ ಚಕ್ರಕ್ಕೆ ಪೂರ್ತಿ ಕೆಳಗಿಳಿಯಲು ಸಮಯ ಸಾಲುವುದಿಲ್ಲ. ಮೇಲೇರಿ ಬಂದು ಉಸಿರು ತೆಗೆದುಕೊಳ್ಳುವ ಮೊದಲೇ ಮತ್ತೆ ಮುಳುಗಿಸಲ್ಪಟ್ಟ ಈಜುಗಾರನಂತೆ ಅದರ ಸ್ಥಿತಿ. ಪ್ರತಿ ಉಬ್ಬಿಗೂ ಸ್ವಲ್ಪಸ್ವಲ್ಪ ಚಲನೆ ಕಳೆದುಹೋಗಿ, ಕೊನೆಗೆ ವಾಹನ ಬಂಪ್ ಸ್ಟಾಪ್‌ನ ಮೇಲೆಯೇ ಓಡುತ್ತಿರುತ್ತದೆ. ಆಗ ಕಂಪ್ರೆಷನ್ ಬಿಗಿಗೊಳಿಸಿದರೆ ಮೊದಲ ಉಬ್ಬುಗಳೂ ಗಡುಸಾಗುತ್ತವೆಯೇ ಹೊರತು ರೋಗ ವಾಸಿಯಾಗದು. ರಿಬೌಂಡ್ ಸ್ವಲ್ಪ ಸಡಿಲಿಸಿ ನೋಡಿ. ಅತಿ ಸಡಿಲಿಸಿದರೆ ಹಿಂಭಾಗ ಮೇಲಕ್ಕೆ ಚಿಮ್ಮಿ ಮೂಗು ನೆಲಕ್ಕೆ ಬಗ್ಗುತ್ತದೆ; ವೇಗದಲ್ಲಿ ಇದು ಬಹಳ ಅಪಾಯಕಾರಿ, ಆದ್ದರಿಂದ ಸ್ವಲ್ಪಸ್ವಲ್ಪವಾಗಿಯೇ ಮುಂದುವರಿಯಿರಿ.

ಪ್ರಯೋಗಕ್ಕೆ ಒಂದು ಶಿಸ್ತು ಬೇಕು. ಒಂದೇ ತುಂಡು ಹಾದಿಯನ್ನು ಆರಿಸಿಕೊಂಡು, ಒಂದೇ ವೇಗದಲ್ಲಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಶಾಕ್‌ನ ಹೊಳೆಯುವ ದಂಡಕ್ಕೆ ಒಂದು ಪ್ಲಾಸ್ಟಿಕ್ ಟೈ ಸುತ್ತಿದರೆ ಎಷ್ಟು ಚಲನೆ ಬಳಕೆಯಾಯಿತು ಎಂಬುದನ್ನು ಅದು ಸರಿದ ಜಾಗವೇ ಹೇಳುತ್ತದೆ. ಓಟ ಮುಗಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ನಾಲ್ಕೂ ಶಾಕ್‌ಗಳ ಶಾಖ ನೋಡಿ. ಎಡದ ಶಾಕ್ ಬಿಸಿಯಾಗಿದ್ದು ಅದೇ ಆಕ್ಸಲ್‌ನ ಬಲದ್ದು ತಣ್ಣಗಿದ್ದರೆ, ತಣ್ಣಗಿರುವುದು ಕೆಲಸವನ್ನೇ ಮಾಡುತ್ತಿಲ್ಲ. ಟೈರ್‌ನ ಗಾಳಿಯನ್ನೂ ಮೊದಲೇ ನಿಗದಿ ಮಾಡಿಕೊಳ್ಳಿ, ಏಕೆಂದರೆ ಟೈರ್ ಕೂಡ ಒಂದು ಸ್ಪ್ರಿಂಗ್; ಅದರ ಒತ್ತಡ ಬದಲಾದರೆ ಉಳಿದೆಲ್ಲ ಅಳತೆಗಳೂ ಅರ್ಥ ಕಳೆದುಕೊಳ್ಳುತ್ತವೆ.

ತಿರುಪಿನಿಂದ ಸರಿಹೋಗದಿದ್ದರೆ ಶಾಕ್ ಬಿಚ್ಚಿಸಿ ಶಿಮ್‌ಗಳನ್ನು ಬದಲಾಯಿಸಬೇಕು. ಆಗ ಪಿಸ್ಟನ್ನಿನ ಬಗೆಯನ್ನೂ ವಿಚಾರಿಸಿ. ಡಿಗ್ರೆಸಿವ್ ಪಿಸ್ಟನ್ ನಿಧಾನ ಚಲನೆಗೆ ಹೆಚ್ಚು ತಡೆಯೊಡ್ಡಿ, ವೇಗ ಏರಿದಾಗ ಸಡಿಲಗೊಳ್ಳುತ್ತದೆ. ರಸ್ತೆಯ ತಿರುವುಗಳಲ್ಲಿ ವಾಹನ ಓಲಾಡುವುದಿಲ್ಲ. ಲೀನಿಯರ್ ಪಿಸ್ಟನ್ನಿನ ತಡೆ ವೇಗದೊಂದಿಗೆ ಏರುತ್ತಲೇ ಹೋಗುತ್ತದೆ. ದೊಡ್ಡ ಹೊಡೆತಗಳ ಮರುಭೂಮಿಗೆ ನಾನು ಲೀನಿಯರ್‌ನ್ನೇ ಒಪ್ಪುತ್ತೇನೆ.

ಪ್ರಶ್ನೆ: ಬಂಪ್ ಸ್ಟಾಪ್ ಮತ್ತು ಲಿಮಿಟ್ ಸ್ಟ್ರ್ಯಾಪ್ ಎರಡೂ ಕಡ್ಡಾಯವೇ?

ಉತ್ತರ: ಕಡ್ಡಾಯ. ಚಲನೆಯ ಎರಡು ತುದಿಗಳನ್ನೂ ಶಾಕ್‌ನ ಒಳಭಾಗ ತಡೆಯಬಾರದು. ಶಾಕ್ ಪೂರ್ತಿ ಅದುಮಿಕೊಳ್ಳುವ ಮುಂಚೆಯೇ ಬಂಪ್ ಸ್ಟಾಪ್ ತಾಗಬೇಕು. ಪೂರ್ತಿ ಚಾಚಿಕೊಳ್ಳುವ ಮುಂಚೆಯೇ ಸ್ಟ್ರ್ಯಾಪ್ ಬಿಗಿಯಾಗಬೇಕು. ಸ್ಟ್ರ್ಯಾಪ್ ಬಳಕೆಯಲ್ಲಿ ಸ್ವಲ್ಪ ಹಿಗ್ಗುವುದರಿಂದ ಆ ಹಿಗ್ಗನ್ನೂ ಲೆಕ್ಕಕ್ಕೆ ಹಿಡಿದು ಉದ್ದ ನಿರ್ಧರಿಸಿ. ಮೂಲದ ಗಟ್ಟಿ ರಬ್ಬರಿನ ಬದಲು ಕ್ರಮೇಣ ಅದುಮಿಕೊಳ್ಳುವ ಫೋಮ್ ಬಂಪ್ ಸ್ಟಾಪ್, ಹಣವಿದ್ದರೆ ನೈಟ್ರೋಜನ್ ತುಂಬಿದ ಹೈಡ್ರಾಲಿಕ್ ಬಂಪ್ ಸ್ಟಾಪ್ ಹಾಕಿಸಿ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಏನೇನು ಪರೀಕ್ಷಿಸಬೇಕು? ಶಾಕ್‌ಗಳ ಆರೈಕೆ ಹೇಗೆ?

ಉತ್ತರ: ಚಕ್ರಗಳನ್ನು ಪೂರ್ತಿ ಇಳಿಬಿಟ್ಟು, ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್‌ಗಳು ಎಳೆದುಕೊಳ್ಳುತ್ತಿವೆಯೇ ಎಂದು ನೋಡುವುದು ಮೊದಲ ಕೆಲಸ. ಮುಂಭಾಗ ಎತ್ತರವಾದಾಗ ಕ್ಯಾಸ್ಟರ್ ಕೋನ (ಸ್ಟೀರಿಂಗ್‌ನೊಂದಿಗೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಓರೆಯಾಗಿರುವ ಕೋನ) ಕಡಿಮೆಯಾಗಿ ಸ್ಟೀರಿಂಗ್ ನೆಟ್ಟಗೆ ನಿಲ್ಲದಂತಾಗುತ್ತದೆ; ಅಲೈನ್‌ಮೆಂಟ್‌ನಿಂದ ಅದು ಮರಳಿ ಬಾರದಿದ್ದರೆ ಮೇಲಿನ ಕಂಟ್ರೋಲ್ ಆರ್ಮ್ ಬದಲಾಯಿಸಬೇಕು. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕ್‌ನ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೊಂದಿಸುವ ವಾಲ್ವ್‌ನ್ನು ಒಂದು ಸರಳಿನಿಂದ ಆಕ್ಸಲ್‌ಗೆ ಜೋಡಿಸಿರುತ್ತಾರೆ. ಹಿಂಭಾಗ ಎತ್ತರವಾದರೆ ವಾಹನ ಸದಾ ಖಾಲಿ ಇದೆಯೆಂದೇ ಆ ವಾಲ್ವ್ ತಿಳಿದು ಹಿಂದಿನ ಬ್ರೇಕ್ ದುರ್ಬಲವಾಗುತ್ತದೆ. ಸರಳಿನ ಬ್ರಾಕೆಟ್ಟನ್ನು ಅಷ್ಟೇ ಎತ್ತರಿಸಿ ಸರಿಪಡಿಸಬೇಕು. ಹೆಡ್‌ಲೈಟ್‌ಗಳ ಗುರಿಯನ್ನೂ ಇಳಿಸಿಕೊಳ್ಳಿ.

ಶಾಕ್‌ನ ದಂಡದ ಮೇಲೆ ತೆಳುವಾದ ಎಣ್ಣೆಯ ಪದರವಿದ್ದರೆ ಗಾಬರಿ ಬೇಡ. ಎಣ್ಣೆ ಹನಿಯುತ್ತಿದ್ದರೆ, ಅಥವಾ ದಂಡದ ಮೇಲೆ ಕಲ್ಲಿನ ಗೀರು ಬೆರಳಿಗೆ ತಟ್ಟುವಂತಿದ್ದರೆ ಸೀಲ್ ಹೋಗಿದೆ ಅಥವಾ ಹೋಗಲಿದೆ ಎಂದರ್ಥ. ಪ್ರತಿ ದೂರ ಪ್ರಯಾಣದ ನಂತರ ಜೋಡಣೆಯ ಬೋಲ್ಟ್‌ಗಳ ಬಿಗಿತವನ್ನೂ, ಶಾಕ್ ಕೂತಿರುವ ಬ್ರಾಕೆಟ್‌ಗಳ ವೆಲ್ಡಿಂಗ್‌ನಲ್ಲಿ ಕೂದಲೆಳೆಯ ಬಿರುಕುಗಳಿವೆಯೇ ಎಂಬುದನ್ನೂ ಮಣ್ಣು ತೊಳೆದು, ಬೆಳಕು ಹಿಡಿದು ನೋಡಿ. ಎಣ್ಣೆ ಮತ್ತು ಸೀಲ್ ಬದಲಾಯಿಸುವ ಅವಧಿಯನ್ನು ತಯಾರಕರ ಸೂಚನೆಯಂತೆ ಪಾಲಿಸಿ. ವೇಗವಾಗಿ ಓಡಿಸುವವರು ಅದಕ್ಕಿಂತ ಮುಂಚೆಯೇ ಮಾಡಿಸಬೇಕಾಗುತ್ತದೆ. ನೈಟ್ರೋಜನ್ ತುಂಬಿದ ಶಾಕ್‌ನ್ನು ಒತ್ತಡ ಇಳಿಸದೆ ಎಂದಿಗೂ ಬಿಚ್ಚಬೇಡಿ, ಖಾಲಿಯಾದದ್ದಕ್ಕೆ ಕಂಪ್ರೆಸರ್‌ನ ಗಾಳಿಯನ್ನು ತುಂಬಬೇಡಿ. ಆ ಗಾಳಿಯಲ್ಲಿ ತೇವಾಂಶವಿರುತ್ತದೆ, ಬಿಸಿಯಾದಾಗ ಅದರ ಒತ್ತಡ ಲೆಕ್ಕಕ್ಕೆ ಸಿಗದಂತೆ ಏರುತ್ತದೆ.